ಮೊಯಿ ಅವೆನ್ಯೂ ದಾಟಿದ ಮೇಲೆ ಸಿಗುವ ನೈರೋಬಿ

ಪ್ರಶ್ನೆ: ಪತಿಯ ಕಚೇರಿ ಕೆಲಸದ ನಿಮಿತ್ತ ನಾವಿಬ್ಬರೂ ಸದ್ಯದಲ್ಲೇ ಕೀನ್ಯಾದ ನೈರೋಬಿಗೆ ಹೊರಟಿದ್ದೇವೆ. ಅವರು ಕೆಲಸಕ್ಕೆ ಹೋದ ಮೇಲೆ ಹಗಲಿಡೀ ನಾನೊಬ್ಬಳೇ. ಅಲ್ಲಿರುವ ಪರಿಚಿತರು ‘ಸಫಾರಿಗೆ ಹೋಗಿ, ಮಾಲ್ ನೋಡಿ, ಪೇಟೆಯೊಳಗೆ ಮಾತ್ರ ಕಾಲಿಡಬೇಡಿ’ ಎನ್ನುತ್ತಿದ್ದಾರೆ. ಯಾವ ಊರಿಗೆ ಹೋದರೂ ಅಲ್ಲಿನ ಸಂತೆ, ಬೀದಿ ನೋಡದಿದ್ದರೆ ನನಗೆ ಆ ಊರಿಗೆ ಹೋದಂತೆಯೇ ಅನ್ನಿಸುವುದಿಲ್ಲ. ನೈರೋಬಿಯನ್ನು ನಡೆದು ನೋಡಲು ಸಾಧ್ಯವೇ? ಎಲ್ಲಿಂದ ಶುರುಮಾಡಲಿ? ನಾನು ಸಸ್ಯಾಹಾರಿ, ಊಟಕ್ಕೇನು ಮಾಡಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಸಾಧ್ಯ. ನಡೆದೇ ನೋಡಿ ಎಂಬುದು ನನ್ನ ಸಲಹೆ. ನಿಮ್ಮ ಪರಿಚಿತರು ಸುಳ್ಳು ಹೇಳುತ್ತಿಲ್ಲ. ಆದರೆ ಹೀಗೆ ಹೇಳುವವರಲ್ಲಿ ಹೆಚ್ಚಿನವರು ನೈರೋಬಿಯನ್ನು ಕಾರಿನ ಗಾಜಿನೊಳಗಿಂದ ಕಂಡವರು. ಮನೆಯ ಗೇಟಿನಿಂದ ಕಚೇರಿಯ ಗೇಟಿಗೆ, ಅಲ್ಲಿಂದ ಮಾಲ್‌ಗೆ ಹೋಗಿ ಬಂದರೆ ಅವರ ದಿನ ಮುಗಿಯಿತು. ಊರಿನ ಉಳಿದ ಜನ ನಡೆಯುವವರು. ಬೆಳಕು ಹರಿಯುವ ಮೊದಲೇ ಪೂರ್ವದ ಬಡಾವಣೆಗಳಿಂದ ಕಾರ್ಖಾನೆಗಳ ಕಡೆಗೆ ಸಾಲುಗಟ್ಟಿ ಹೊರಡುವ ಕಾರ್ಮಿಕರು, ಇಸ್ತ್ರಿ ಮಾಡಿದ ಸ್ವೆಟರ್ ತೊಟ್ಟ ಶಾಲಾ ಮಕ್ಕಳು, ತಲೆಯ ಮೇಲೆ ಸುಕುಮಾ ಸೊಪ್ಪಿನ ಕಟ್ಟು ಹೊತ್ತ ಹೆಂಗಸರು ಎಲ್ಲರೂ ರಸ್ತೆಯಂಚಿನಲ್ಲೇ ಇರುತ್ತಾರೆ. ಅವರ ಜೊತೆ ಒಂದಷ್ಟು ದೂರ ಹೆಜ್ಜೆ ಹಾಕದೆ ಈ ಊರು ಅರ್ಥವಾಗುವುದಿಲ್ಲ.

ಹೊರಡುವ ಮೊದಲು ನಕ್ಷೆಯಲ್ಲಿ ಮೊಯಿ ಅವೆನ್ಯೂ ಎಂಬ ರಸ್ತೆಯನ್ನು ಗುರುತು ಮಾಡಿಕೊಳ್ಳಿ. ಅದರ ಪಶ್ಚಿಮಕ್ಕೆ ಬ್ಯಾಂಕುಗಳು, ಸಂಸತ್ತು, ದೊಡ್ಡ ಹೋಟೆಲುಗಳು, 1973ರಲ್ಲಿ ಪೂರ್ಣಗೊಂಡ ಕೆನ್ಯಾಟಾ ಸಮ್ಮೇಳನ ಕೇಂದ್ರದ ದುಂಡನೆಯ ಗೋಪುರ, ಅಗಲವಾದ ಕಾಲುದಾರಿ. ಪೂರ್ವಕ್ಕೆ ಟಾಮ್ ಬೋಯಾ ಬೀದಿ, ಲುತುಲಿ ಅವೆನ್ಯೂ, ರಿವರ್ ರೋಡ್, ಅದರಾಚೆಗೆ ಮಾರುಕಟ್ಟೆಗಳು. ಪ್ರವಾಸಿ ಕೈಪಿಡಿಗಳು ಸಾಮಾನ್ಯವಾಗಿ ಈ ಗೆರೆಯಲ್ಲೇ ನಿಂತುಬಿಡುತ್ತವೆ. ಗೆರೆ ತಾನಾಗಿ ಮೂಡಿದ್ದಲ್ಲ. ವಸಾಹತು ಕಾಲದಲ್ಲಿ ಎತ್ತರದ ತಂಪು ಜಾಗಗಳನ್ನು ಬಿಳಿಯರಿಗೆ ಮೀಸಲಿಟ್ಟರು, ಪೂರ್ವದ ಬಯಲನ್ನು ಆಫ್ರಿಕನ್ನರಿಗೆ ಬಿಟ್ಟರು, ಭಾರತೀಯರಿಗೆ ಬಜಾರನ್ನೂ ಅದರ ಆಸುಪಾಸಿನ ಬಡಾವಣೆಗಳನ್ನೂ ಕೊಟ್ಟರು. 1963ರಲ್ಲಿ ಸ್ವಾತಂತ್ರ್ಯ ಬಂದು ಆ ಕಾನೂನುಗಳು ಹೋದರೂ ಅಂಗಡಿಯ ಬಾಡಿಗೆಯಲ್ಲಿ, ಬೀದಿದೀಪದಲ್ಲಿ, ಚರಂಡಿಯಲ್ಲಿ ಆ ವಿಂಗಡಣೆ ಇವತ್ತಿಗೂ ಕಾಣುತ್ತದೆ.

ಮೊದಲ ನಡಿಗೆಯನ್ನು ಹಳೆಯ ರೈಲು ನಿಲ್ದಾಣದಿಂದ ಆರಂಭಿಸಿ. ಊರು ಹುಟ್ಟಿದ್ದೇ ಅಲ್ಲಿ. ಮೊಂಬಾಸಾದಿಂದ ಹೊರಟ ಹಳಿ 1899ರ ಮೇ ತಿಂಗಳಲ್ಲಿ ಇಲ್ಲಿಗೆ ತಲುಪಿತು. ಆಗ ಇದು ಮಸಾಯಿ ಬುಡಕಟ್ಟಿನವರು ದನ ಮೇಯಿಸುತ್ತಿದ್ದ ಜೌಗು ನೆಲ. ಮುಂದಿನ ಗುಡ್ಡ ಹತ್ತುವ ಮೊದಲು ಸಾಮಾನು ಇಳಿಸಲು ಸಮತಟ್ಟು ಜಾಗ ಬೇಕಿತ್ತು, ಡಿಪೋ ಎದ್ದಿತು, ಡಿಪೋ ಊರಾಯಿತು. ಆ ಹಳಿ ಹಾಕಲು ಬ್ರಿಟಿಷರು ಕರೆತಂದ ಸುಮಾರು 32,000 ಭಾರತೀಯ ಕೂಲಿಗಳಲ್ಲಿ ಹೆಚ್ಚಿನವರು ಪಂಜಾಬಿನವರು. ಸುಮಾರು 2,500 ಮಂದಿ ಕೆಲಸದಲ್ಲೇ ಸತ್ತರು. ಆ ಕೂಲಿಗಳನ್ನು ಹೊತ್ತೊಯ್ದ ನರಭಕ್ಷಕ ಸಿಂಹಗಳ ಕಥೆ ಎಲ್ಲರಿಗೂ ಗೊತ್ತು. ಅವುಗಳಿಗಿಂತ ಎಷ್ಟೋ ಪಾಲು ಹೆಚ್ಚು ಜನರನ್ನು ಕೊಂದದ್ದು ರೋಗ ಮತ್ತು ಅಪಘಾತ. ನಿಲ್ದಾಣದ ಬಳಿಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಬಿಡುವಿದ್ದರೆ ಹೋಗಿ, ಇಲ್ಲದಿದ್ದರೆ ನಷ್ಟವಿಲ್ಲ.

ಅಲ್ಲಿಂದ ಮೊಯಿ ಅವೆನ್ಯೂ ಹಿಡಿದು ಉತ್ತರಕ್ಕೆ ನಡೆಯಿರಿ. ಹೈಲೆ ಸೆಲಾಸಿ ಅವೆನ್ಯೂ ಕೂಡುವ ಮೂಲೆಯಲ್ಲಿ ಗೋಡೆ ಕಟ್ಟಿದ ಚಿಕ್ಕ ಉದ್ಯಾನವಿದೆ. 1998ರ ಆಗಸ್ಟ್ 7ರಂದು ಬಾಂಬ್ ಸಿಡಿದ ಅಮೆರಿಕದ ರಾಯಭಾರ ಕಚೇರಿ ಇದ್ದ ಜಾಗ ಅದು. ನೈರೋಬಿಯಲ್ಲಿ ಅಂದು ಸತ್ತ 213 ಮಂದಿಯಲ್ಲಿ ಬಹುತೇಕರು ಕೀನ್ಯಾದವರೇ: ಪಕ್ಕದ ಕಟ್ಟಡಗಳ ಗುಮಾಸ್ತರು, ಬಸ್ಸಿನಲ್ಲಿ ಕುಳಿತಿದ್ದವರು, ದಾರಿಹೋಕರು. ಅವರ ಹೆಸರುಗಳನ್ನು ಅಲ್ಲಿ ಕೆತ್ತಿದ್ದಾರೆ. ಐದು ನಿಮಿಷ ನಿಂತು ಓದಿ.

ಇನ್ನೂ ಮುಂದೆ ರಾಷ್ಟ್ರೀಯ ದಾಖಲೆಗಳ ಭವನ. ಹಿಂದೆ ಬ್ಯಾಂಕಾಗಿದ್ದ ಕಟ್ಟಡ. ಕರ್ನಾಟಕದಿಂದ ಹೋಗುವವರಿಗೆ ನಾನು ಇದನ್ನು ತಪ್ಪದೆ ತೋರಿಸುತ್ತೇನೆ. ನೆಲಮಹಡಿಯಲ್ಲಿರುವ ಆಫ್ರಿಕಾದ ಕಲಾಕೃತಿಗಳು, ಮುಖವಾಡಗಳು, ಆಯುಧಗಳು, ಬಟ್ಟೆಗಳ ದೊಡ್ಡ ಸಂಗ್ರಹ ಜೋಸೆಫ್ ಮುರುಂಬಿ ಅವರದು. ಗೋವಾ ಮೂಲದ ತಂದೆ, ಮಸಾಯಿ ತಾಯಿ. ಬಾಲ್ಯದಲ್ಲಿ ಅವರನ್ನು ಓದಿಗೆ ಕಳಿಸಿದ್ದು ಬೆಂಗಳೂರು ಮತ್ತು ಬಳ್ಳಾರಿಯ ಶಾಲೆಗಳಿಗೆ. ಹಿಂದಿರುಗಿದವರು ಸ್ವಾತಂತ್ರ್ಯ ಹೋರಾಟ ಸೇರಿ 1966ರಲ್ಲಿ ಕೀನ್ಯಾದ ಎರಡನೆಯ ಉಪಾಧ್ಯಕ್ಷರಾದರು, ಅದೇ ವರ್ಷ ಹುದ್ದೆ ಬಿಟ್ಟರು. ಬಳ್ಳಾರಿಯಲ್ಲಿ ಅಕ್ಷರ ತಿದ್ದಿದ ಹುಡುಗ ಕೂಡಿಸಿಟ್ಟ ವಸ್ತುಗಳನ್ನು ಹುಬ್ಬಳ್ಳಿಯವರಾದ ನೀವು ನೋಡದೆ ಬರಬಾರದು.

ಭವನದ ಹೊರಗೆ ಟಾಮ್ ಬೋಯಾ ಅವರ ಪ್ರತಿಮೆ. ಸ್ವತಂತ್ರ ಕೀನ್ಯಾದ ಅತ್ಯಂತ ಚುರುಕಿನ ಯುವ ಸಚಿವ. 1969ರ ಜುಲೈ 5ರಂದು ಇದೇ ರಸ್ತೆಯ ಔಷಧದಂಗಡಿಯೊಂದರಿಂದ ಹೊರಬರುತ್ತಿದ್ದಾಗ ಅವರನ್ನು ಗುಂಡಿಟ್ಟು ಕೊಂದರು. ಇಲ್ಲಿಂದ ಬಲಕ್ಕೆ ರಸ್ತೆ ದಾಟಿದರೆ ಅವರದೇ ಹೆಸರಿನ ಬೀದಿ. ಪೇಟೆ ಶುರುವಾಗುವುದು ಇಲ್ಲಿಂದ.

ಮೊದಲು ಕಿವಿಗೆ ಬೀಳುವುದು ಮತಾಟುಗಳ ಸದ್ದು. ಮತಾಟು ಎಂದರೆ ಹದಿನಾಲ್ಕು ಸೀಟಿನ ವ್ಯಾನು ಅಥವಾ ಮಿನಿ ಬಸ್ಸು. ಮೈತುಂಬ ಚಿತ್ರ ಬರೆಸಿ ದೀಪ, ಟಿ.ವಿ., ಧ್ವನಿವರ್ಧಕ ತುಂಬಿಸಿದ ಬಸ್ಸುಗಳಿಗೆ ‘ಗಾನ್ಯಾ’ ಎನ್ನುತ್ತಾರೆ, ಕಾಲೇಜು ಹುಡುಗರು ಅದಕ್ಕಾಗಿಯೇ ಕಾಯುತ್ತಾರೆ. ವ್ಯಾನು ತುಂಬುವವರೆಗೆ ಹೊರಡುವುದಿಲ್ಲ. ತುಂಬಿದಂತೆ ಕಾಣಲೆಂದು ಕೂಲಿ ಕೊಟ್ಟು ಕೂರಿಸಿದ ‘ಪ್ರಯಾಣಿಕ’ರೂ ಇರುತ್ತಾರೆ, ನೀವು ಹತ್ತಿದೊಡನೆ ಒಬ್ಬೊಬ್ಬರಾಗಿ ಇಳಿಯುತ್ತಾರೆ. ಮಳೆ ಬಂದರೆ ದರ ಏರುತ್ತದೆ, ಅದಕ್ಕೆ ಊರವರೂ ಗೊಣಗುತ್ತಾರೆ, ನೀವೂ ಗೊಣಗಬಹುದು. 58 ಬುರುಬುರುವಿಗೆ ಹೋಗುತ್ತದೆ, 111 ಗೋಂಗ್‌ಗೆ, 237 ಥೀಕಾಕ್ಕೆ. ಮಾರ್ಗದ ಸಂಖ್ಯೆ ಗೊತ್ತಿದ್ದರೆ ಅರ್ಧ ಗೊಂದಲ ಕಡಿಮೆ.

ಲುತುಲಿ ಅವೆನ್ಯೂ ಇಲೆಕ್ಟ್ರಾನಿಕ್ ಸಾಮಾನಿನ ಬೀದಿ. 2019ರಲ್ಲಿ ವಾಹನ ಕಡಿಮೆ ಮಾಡಿ ಕಾಲುದಾರಿ ಅಗಲಿಸಿದ ಮೇಲೆ ನಡೆಯಲು ಹಿತವಾಗಿದೆ. ಇಲ್ಲಿ ‘ಎಕ್ಸಿಬಿಷನ್’ ಎಂಬ ಫಲಕ ಕಂಡರೆ ವಸ್ತುಪ್ರದರ್ಶನವೆಂದು ತಿಳಿಯಬೇಡಿ. ಒಂದು ದೊಡ್ಡ ಅಂಗಡಿಯನ್ನು ಹಲಗೆ, ಗಾಜುಗಳಿಂದ ಸೀಳಿ ಹತ್ತಾರು ಗೂಡುಗಳಾಗಿ ಮಾಡಿರುತ್ತಾರೆ. ಒಬ್ಬರು ನಿಂತರೆ ಮತ್ತೊಬ್ಬರಿಗೆ ಜಾಗವಿಲ್ಲದಷ್ಟು ಚಿಕ್ಕ ಗೂಡಿನಲ್ಲಿ ಒಬ್ಬಳು ಚಪ್ಪಲಿ ಮಾರುತ್ತಾಳೆ, ಪಕ್ಕದವನು ಫೋನ್ ಬಿಚ್ಚಿ ಕುಳಿತಿರುತ್ತಾನೆ, ಅದರಾಚೆ ಕೂದಲು ಹೆಣೆಯುವವರು. ಪೇಟೆಯಲ್ಲಿ ಪೂರ್ತಿ ಅಂಗಡಿಯ ಬಾಡಿಗೆ ಕೊಡಲಾರದ ಸಣ್ಣ ಬಂಡವಾಳದವರು ನೆಲೆ ಕಂಡುಕೊಂಡಿರುವುದು ಹೀಗೆ. ಅದಕ್ಕೂ ಕೈ ಸಾಲದವರು ಸಂಜೆ ಐದರ ನಂತರ ಕಾಲುದಾರಿಯ ಮೇಲೆ ಹಾಸು ಬಿಚ್ಚುತ್ತಾರೆ. ಆ ಹಾಸಿನ ನಾಲ್ಕು ಮೂಲೆಗೆ ಕಟ್ಟಿದ ಹಗ್ಗವನ್ನು ಗಮನಿಸಿ. ನಗರಾಡಳಿತದ ಕಾವಲುಗಾರರು ಬಂದರೆ ಒಂದೇ ಎಳೆತಕ್ಕೆ ಸಾಮಾನೆಲ್ಲ ಮೂಟೆಯಾಗಿ ಹೆಗಲೇರುತ್ತದೆ. ಕಾವಲುಗಾರರನ್ನು ಜನ ‘ಕಾಂಜೋ’ ಎನ್ನುತ್ತಾರೆ. ಆ ಕೂಗು ಕೇಳಿ ಎಲ್ಲರೂ ಓಡಲಾರಂಭಿಸಿದರೆ ನೀವು ಓಡಬೇಡಿ, ಹತ್ತಿರದ ಅಂಗಡಿಯೊಳಗೆ ಸರಿದು ನಿಲ್ಲಿ.

ರಿವರ್ ರೋಡ್ ಬಗ್ಗೆ ನಿಮಗೆ ಅತಿ ಹೆಚ್ಚು ಎಚ್ಚರಿಕೆಗಳು ಬಂದಿರುತ್ತವೆ. ಅಗ್ಗದ ವಸತಿಗೃಹಗಳು, ದೂರದೂರಿನ ಬಸ್ಸುಗಳು, ಬಿತ್ತನೆ ಬೀಜ, ಪಂಪು, ಸಮವಸ್ತ್ರ, ಫೋಟೊ ಸ್ಟುಡಿಯೊ. ಹಳ್ಳಿಯಿಂದ ಬೆಳಿಗ್ಗೆ ಬಂದು ಸಂಜೆಗೆ ಮರಳುವ ಸಣ್ಣ ವ್ಯಾಪಾರಿಗಳ ಬೀದಿ ಇದು. ಜನರ ನೂಕುನುಗ್ಗಲಿನಲ್ಲಿ ಜೇಬುಗಳ್ಳರೂ ಇರುತ್ತಾರೆ, ನಿಜ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದ ಒಳಗೆ, ಸ್ಥಳೀಯರೊಬ್ಬರ ಜೊತೆ ನಡೆದರೆ ಹೆದರುವಂಥದ್ದೇನಿಲ್ಲ. ಬೀದಿಯಲ್ಲೇ ಬೆಳೆದು ಈಗ ಮಾರ್ಗದರ್ಶಕರಾಗಿರುವ ಯುವಕರು ನಡೆಸುವ ನಡಿಗೆಗಳಿವೆ, ಹೋಟೆಲಿನಲ್ಲಿ ವಿಚಾರಿಸಿ. ಸಮಯ ಗೊತ್ತುಮಾಡುವಾಗ ಎಚ್ಚರ: ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಸೂರ್ಯೋದಯದಿಂದ. ‘ಸಾ ಟಾಟು’, ಅಂದರೆ ಮೂರು ಗಂಟೆ ಎಂದರೆ ನಮ್ಮ ಒಂಬತ್ತು.

ರಿವರ್ ರೋಡಿನ ಉತ್ತರದ ತುದಿಗೆ ಬಂದರೆ 1922ರಲ್ಲಿ ಮುಗಿದ ಖೋಜಾ ಮಸೀದಿಯ ಗಡಿಯಾರದ ಗೋಪುರ. ಅದರ ಎದುರಿಗೆ ಬಿಯಾಶಾರಾ ಬೀದಿ, ಹಳೆಯ ಇಂಡಿಯನ್ ಬಜಾರ್. ಇಲ್ಲಿ ಅವಸರ ಬೇಡ. ಗುಜರಾತಿ ಕುಟುಂಬಗಳ ಬಟ್ಟೆ ಅಂಗಡಿಗಳು ತಲೆಮಾರುಗಳಿಂದ ಇಲ್ಲಿವೆ. ಒಳಗೆ ಹೋಗಿ ಕಾಂಗಾ ಬಿಡಿಸಿ ತೋರಿಸಲು ಕೇಳಿ. ಜೋಡಿಯಾಗಿ ಬರುವ ತೆಳು ಹತ್ತಿ ಬಟ್ಟೆ. ಸುತ್ತ ದಪ್ಪ ಅಂಚು, ನಡುವೆ ಗೋಡಂಬಿಯೋ ಹೂವೋ ಕೋಳಿಯೋ ಅಚ್ಚಾಗಿರುತ್ತದೆ. ನಡುಭಾಗದ ಕೆಳಗೆ ಒಂದು ಸಾಲು ಬರಹ ಇರುತ್ತದೆ. ಹೆಂಗಸರು ಮೊದಲು ನೋಡುವುದು ಅದನ್ನು. ಗಾದೆ, ಹಾರೈಕೆ, ಪ್ರೀತಿ, ಹೊಟ್ಟೆಕಿಚ್ಚಿನ ನೆರೆಯವಳಿಗೆ ಚುಚ್ಚುಮಾತು ಹೀಗೆ ಏನು ಬೇಕಾದರೂ ಇರಬಹುದು. ಬಾಯಲ್ಲಿ ಹೇಳಲಾಗದ್ದನ್ನು ಉಟ್ಟುಕೊಂಡು ಎದುರಿಗೆ ಓಡಾಡಿದರೆ ಮುಟ್ಟಬೇಕಾದವರಿಗೆ ಮುಟ್ಟುತ್ತದೆ. ನೀವು ಅತ್ತೆಗೋ ನಾದಿನಿಗೋ ಉಡುಗೊರೆ ಕೊಳ್ಳುವುದಾದರೆ ಆ ಸಾಲಿನ ಅರ್ಥ ಕೇಳಿಯೇ ಕೊಳ್ಳಿ. ಒಂದು ಕಾಂಗಾ ಸೊಂಟಕ್ಕೆ, ಇನ್ನೊಂದು ಹೆಗಲಿಗೆ. ಅದರಲ್ಲೇ ಮಗುವನ್ನು ಬೆನ್ನಿಗೆ ಕಟ್ಟುತ್ತಾರೆ, ಅದನ್ನೇ ಹೊದಿಸಿ ಮಲಗಿಸುತ್ತಾರೆ.

ಬೀದಿಗೆ ಹತ್ತಿರದಲ್ಲೇ ಜೀವನ್‌ಜೀ ಉದ್ಯಾನ. ರೈಲ್ವೆಗೆ ಕೂಲಿಗಳನ್ನೂ ಸಾಮಾನನ್ನೂ ಒದಗಿಸಿ ಶ್ರೀಮಂತರಾದ ಕರಾಚಿ ಮೂಲದ ಎ. ಎಂ. ಜೀವನ್‌ಜೀ 1906ರಲ್ಲಿ ಊರಿಗೆ ಕೊಟ್ಟ ಜಾಗ. 1991ರಲ್ಲಿ ಇದನ್ನು ಅಗೆದು ವಾಹನ ನಿಲುಗಡೆಯ ಕಟ್ಟಡ ಎಬ್ಬಿಸುವ ಯೋಜನೆ ಬಂದಾಗ ಅವರ ಮೊಮ್ಮಗಳು ಜರೀನಾ ಪಟೇಲ್ ಮುಂದೆ ನಿಂತು ತಡೆದರು. ಮಧ್ಯಾಹ್ನ ಒಂದಕ್ಕೆ ಹೋದರೆ ಒಂದು ಮರದಡಿ ಬೈಬಲ್ ಹಿಡಿದ ಉಪದೇಶಕ, ಇನ್ನೊಂದರಡಿ ರಾಜಕೀಯ ವಾಗ್ವಾದ, ನಡುವೆ ಬುತ್ತಿ ಬಿಚ್ಚಿದ ಗುಮಾಸ್ತರು. ಬೆಂಚಿನ ಮೇಲೆ ಕುಳಿತು ಕಾಲು ಚಾಚಿ.

ಊಟದ ಚಿಂತೆ ಬಿಡಿ. ಮಾಂಸವೇ ರಾಜನಾದ ಊರಾದರೂ ದುಡಿಯುವವರ ಮಧ್ಯಾಹ್ನದ ತಟ್ಟೆಯಲ್ಲಿ ಬಹಳ ಸಲ ಮಾಂಸವಿರುವುದಿಲ್ಲ. ಉಗಾಲಿ ನಮ್ಮ ಮುದ್ದೆಯ ಹಾಗೆ, ಹಿಟ್ಟು ಮಾತ್ರ ಬಿಳಿ ಮೆಕ್ಕೆಜೋಳದ್ದು. ಬೆರಳಲ್ಲಿ ಉಂಡೆ ಮಾಡಿ ಸುಕುಮಾ ವಿಕಿ ಸೊಪ್ಪಿನ ಪಲ್ಯದ ಜೊತೆ ತಿನ್ನುತ್ತಾರೆ. ‘ಚಪಾತಿ ದೆಂಗು’ ಎಂದರೆ ಚಪಾತಿ ಮತ್ತು ಹೆಸರುಕಾಳಿನ ಗೊಜ್ಜು. ಮೆಕ್ಕೆಜೋಳದ ಕಾಳು, ಅವರೆಜಾತಿಯ ಕಾಳು ಸೇರಿಸಿ ಬೇಯಿಸಿದ ಗಿತೇರಿ ಹೊಟ್ಟೆ ತುಂಬಿಸುತ್ತದೆ. ಕೆಲವು ಕಡೆ ಇವಕ್ಕೆ ಮಾಂಸದ ಸಾರು ಬೆರೆಸುವುದುಂಟು. ‘ಸಿಲಿ ನ್ಯಾಮಾ’ (ನಾನು ಮಾಂಸ ತಿನ್ನುವುದಿಲ್ಲ) ಎಂದು ಮೊದಲೇ ಹೇಳಿ. ರಸ್ತೆ ಬದಿಯಲ್ಲಿ ಕೆಂಡದ ಮೇಲೆ ಸುಟ್ಟ ತೆನೆಗೆ ನಿಂಬೆಹಣ್ಣಿನ ಹೋಳಿನಿಂದ ಉಪ್ಪುಖಾರ ತಿಕ್ಕಿ ಕೊಡುತ್ತಾರೆ, ಅದನ್ನು ಬಿಡಬೇಡಿ. ಹಣಕ್ಕೆ ಎಂ-ಪೆಸಾ. 2007ರಲ್ಲಿ ಆರಂಭವಾದ ಈ ಮೊಬೈಲ್ ಪಾವತಿ ಇಲ್ಲದ ತರಕಾರಿ ಬುಟ್ಟಿಯೂ ಅಪರೂಪ. ಪಾಸ್‌ಪೋರ್ಟ್ ತೋರಿಸಿ ಸಿಮ್ ಕೊಂಡರೆ ನಿಮಗೂ ಸಿಗುತ್ತದೆ.

ಇನ್ನೊಂದು ದಿನವನ್ನು ಕಮುಕುಂಜಿ ಮತ್ತು ಗಿಕೊಂಬಾ ಮಾರುಕಟ್ಟೆಗಳಿಗೆ ಇಡಿ, ಒಬ್ಬರೇ ಹೋಗಬೇಡಿ. ನನ್ನನ್ನು ಕೇಳಿದರೆ ನೈರೋಬಿಯಲ್ಲಿ ನೋಡಲೇಬೇಕಾದ ಜಾಗ ಕಮುಕುಂಜಿಯ ತಗಡಿನ ಕೆಲಸಗಾರರ ಅಂಗಳ. ‘ಜುವಾ ಕಾಲಿ’ ಎಂದು ಕರೆಯುತ್ತಾರೆ. ಸುಡುಬಿಸಿಲಿನಲ್ಲಿ ಕುಳಿತು ದುಡಿಯುವವರು ಎಂದರ್ಥ. ನೋಡುವ ಮೊದಲು ಸದ್ದು ಕೇಳುತ್ತದೆ, ನೂರಾರು ಸುತ್ತಿಗೆಗಳು ಒಟ್ಟಿಗೆ. ಒಬ್ಬ ಹಳೆಯ ಎಣ್ಣೆ ಪೀಪಾಯಿಯನ್ನು ಉಳಿಯಿಂದ ಸೀಳಿ ಹಾಳೆಯಾಗಿ ಬಿಚ್ಚುತ್ತಾನೆ. ಇನ್ನೊಬ್ಬ ಅದನ್ನು ರೈಲುಹಳಿಯ ತುಂಡಿನ ಮೇಲಿಟ್ಟು ಬಡಿದು ನೇರಮಾಡುತ್ತಾನೆ. ಮೂರನೆಯವನು ಅಂಚು ಮಡಿಸಿ ಕೂಡಿಸುತ್ತಾನೆ, ನಾಲ್ಕನೆಯವನು ಬಣ್ಣ ಬಳಿಯುತ್ತಾನೆ. ವಸತಿ ಶಾಲೆಗೆ ಹೋಗುವ ಮಕ್ಕಳ ಟ್ರಂಕುಗಳು ಹೀಗೆ ಹುಟ್ಟುತ್ತವೆ. ಶಾಲೆ ತೆರೆಯುವ ದಿನಗಳಲ್ಲಿ ತಾಯಂದಿರು ಸಾಲುಗಟ್ಟಿ ಚೌಕಾಸಿ ಮಾಡುತ್ತಿರುತ್ತಾರೆ. ಜಿಕೊ ಎಂಬ ಇದ್ದಿಲ ಒಲೆಯನ್ನೂ ಕೈಗೆತ್ತಿಕೊಂಡು ನೋಡಿ. ಮೇಲೂ ಕೆಳಗೂ ಅಗಲ, ನಡು ಸಣ್ಣ, ತಗಡಿನ ಒಳಗೆ ಸುಟ್ಟ ಮಣ್ಣಿನ ಬಟ್ಟಲು. 1980ರ ದಶಕದಲ್ಲಿ ರೂಪುಗೊಂಡ ಈ ಒಲೆ ಬರೀ ತಗಡಿನ ಹಳೆಯ ಒಲೆಗಿಂತ ಕಡಿಮೆ ಇದ್ದಿಲು ತಿನ್ನುತ್ತದೆ, ಏಕೆಂದರೆ ಮಣ್ಣು ಕಾವನ್ನು ಹಿಡಿದಿಡುತ್ತದೆ. ಇದನ್ನು ಊರಿನ ಮನೆಮನೆಗೆ ತಲುಪಿಸಿದ್ದು ಇಂಥ ಅಂಗಳಗಳ ಕೈಗಳು. ಯಂತ್ರವಿಲ್ಲದೆ ಅಷ್ಟು ನಿಖರವಾಗಿ ಅಂಚು ಕೂಡಿಸುವ ಆ ಕಸುಬನ್ನು ಕಂಡಾಗಲೆಲ್ಲ ನನಗೆ ಗೌರವ ಹೆಚ್ಚುತ್ತದೆ.

ಗಿಕೊಂಬಾ ಬಳಸಿದ ಬಟ್ಟೆಗಳ ಮಹಾ ಮಾರುಕಟ್ಟೆ. ಯುರೋಪ್, ಅಮೆರಿಕ, ಚೀನಾಗಳಿಂದ ಒತ್ತಿ ಕಟ್ಟಿದ ಮೂಟೆಗಳು ಬರುತ್ತವೆ. ಇವೇ ಮಿತುಂಬಾ. ನಸುಕಿನಲ್ಲಿ ಮೂಟೆ ಒಡೆಯುವುದೇ ನೋಡತಕ್ಕದ್ದು. ಪಟ್ಟಿ ಕತ್ತರಿಸಿದೊಡನೆ ಸುತ್ತ ನಿಂತ ಚಿಲ್ಲರೆ ವ್ಯಾಪಾರಿಗಳು ಒಳ್ಳೆಯದನ್ನು ಮೊದಲು ಎಳೆದುಕೊಳ್ಳುತ್ತಾರೆ. ಮೊದಲ ಆಯ್ಕೆಯ ಮಾಲಿಗೆ ‘ಕ್ಯಾಮೆರಾ’ ಎಂದು ಹೆಸರು. ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಸಾಲ ತಂದ ಹಣ ಒಂದು ಮೂಟೆಯಲ್ಲಿ ಹೋಗಲೂಬಹುದು. ಈ ಮಾರುಕಟ್ಟೆಗೆ ಮತ್ತೆ ಮತ್ತೆ ಬೆಂಕಿ ಬಿದ್ದಿದೆ, ಪ್ರತಿ ಸಲವೂ ಬೂದಿ ಆರುವ ಮೊದಲೇ ಕಂಬ ನೆಟ್ಟು ಕುಳಿತಿದ್ದಾರೆ. ಕಿರುದಾರಿಯಲ್ಲಿ ಕೈಗಾಡಿಯವರಿಗೆ ಪಕ್ಕಕ್ಕೆ ಸರಿಯಿರಿ. ಭಾರದ ಗಾಡಿಗೆ ನಿಲ್ಲಲು ಆಗುವುದಿಲ್ಲ.

ಕಿಬೆರಾ ಕೊಳೆಗೇರಿಯ ಪ್ರವಾಸಕ್ಕೆ ಕರೆಯುವವರೂ ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಜನರ ಅಡುಗೆಮನೆ, ಮಲಗುವ ಕೋಣೆ ನೋಡುವುದಕ್ಕೆ ಟಿಕೆಟ್ ಕೊಳ್ಳುವುದು ಸರಿಯಲ್ಲ. ಮಾರುಕಟ್ಟೆಯಲ್ಲಿ ಅವರು ಮಾರುವವರು, ನೀವು ಕೊಳ್ಳುವವರು. ಮಾತನಾಡಲು ಇಬ್ಬರಿಗೂ ಕಾರಣವಿರುತ್ತದೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ಬೀದಿಯಲ್ಲಿ ನೀವು ‘ಮುಹಿಂದಿ’, ಭಾರತೀಯಳು. ಅದರ ಹಿಂದೆ ಒಂದು ಶತಮಾನದ ಲೆಕ್ಕವಿದೆ. ಅಂಗಡಿಯ ಗಲ್ಲಾದಲ್ಲಿ ಭಾರತೀಯ, ಮೂಟೆ ಹೊರಲು ಆಫ್ರಿಕನ್ ಎಂಬ ವ್ಯವಸ್ಥೆಯ ಕಹಿ ಇನ್ನೂ ಆರಿಲ್ಲ. ಅದೇ ಹೊತ್ತಿಗೆ 1950ರಲ್ಲಿ ಬಹಿರಂಗವಾಗಿ ಪೂರ್ಣ ಸ್ವಾತಂತ್ರ್ಯ ಕೇಳಿ ಹನ್ನೊಂದು ವರ್ಷ ಬಂಧನದಲ್ಲಿದ್ದ ಕಾರ್ಮಿಕ ನಾಯಕ ಮಖನ್ ಸಿಂಗ್ ಕೂಡ ಇದೇ ಊರಿನವರು. 2017ರಲ್ಲಿ ಸರ್ಕಾರ ಏಷ್ಯಾ ಮೂಲದವರನ್ನು ದೇಶದ 44ನೆಯ ಬುಡಕಟ್ಟೆಂದು ಮಾನ್ಯ ಮಾಡಿತು. ಊರವರ ಬಗ್ಗೆ ಹಗುರವಾಗಿ ಮಾತನಾಡುವ ನಮ್ಮವರು ನಿಮಗೆ ಸಿಕ್ಕೇ ಸಿಗುತ್ತಾರೆ, ದಯವಿಟ್ಟು ತಲೆಯಾಡಿಸಬೇಡಿ. ಅಂಗಡಿಗೆ ಹೋದೊಡನೆ ಬೆಲೆ ಕೇಳುವುದು ಅಲ್ಲಿ ಒರಟುತನ. ಮೊದಲು ‘ಹಬಾರಿ’ ಎಂದು ಕ್ಷೇಮ ವಿಚಾರಿಸಿ. ಹಿರಿಯ ಹೆಂಗಸರಿಗೆ ‘ಮಾಮಾ’, ಹಿರಿಯ ಗಂಡಸರಿಗೆ ‘ಮ್ಜೆ’ ಎನ್ನಿ. ಕೇಳದೆ ಯಾರ ಚಿತ್ರವನ್ನೂ ತೆಗೆಯಬೇಡಿ. ಪೊಲೀಸರು, ಸರ್ಕಾರಿ ಕಟ್ಟಡಗಳ ಕಡೆಗೆ ಕ್ಯಾಮೆರಾ ಎತ್ತಲೇಬೇಡಿ.

ಫೋನನ್ನು ರಸ್ತೆಯಂಚಿನಲ್ಲಿ ಕೈಯಲ್ಲಿ ಹಿಡಿದು ನಿಲ್ಲಬೇಡಿ. ಬೈಕಿನಲ್ಲಿ ಬಂದವರು ಕಸಿಯುತ್ತಾರೆ, ಮತಾಟುವಿನ ಕಿಟಕಿಯಿಂದಲೂ ಕಸಿಯುತ್ತಾರೆ. ಚಿನ್ನದ ಸರ, ಬಳೆ ಹೋಟೆಲಿನಲ್ಲಿರಲಿ. ವರ್ಷವಿಡೀ ಸಂಜೆ ಆರೂವರೆ ಸುಮಾರಿಗೆ ಕತ್ತಲಾಗುತ್ತದೆ, ಐದಕ್ಕೆ ಹೊರಟುಬಿಡಿ. ಜೂನ್ 25 ಮತ್ತು ಜುಲೈ 7ರ ಆಸುಪಾಸಿನಲ್ಲಿ ಪ್ರತಿಭಟನೆಗಳಾಗುತ್ತವೆ, ಆ ದಿನಗಳಲ್ಲಿ ಪೇಟೆ ಬೇಡ. ಬೇರೆ ದಿನಗಳಲ್ಲೂ ಅಂಗಡಿಯವರು ಹಗಲಲ್ಲೇ ಷಟರ್ ಎಳೆಯುವುದು ಕಂಡರೆ ಕಾರಣ ಕೇಳುತ್ತಾ ನಿಲ್ಲದೆ ಮರಳಿ. ಪ್ಲಾಸ್ಟಿಕ್ ಚೀಲಗಳಿಗೆ 2017ರಿಂದ ಕಟ್ಟುನಿಟ್ಟಿನ ನಿಷೇಧವಿದೆ, ಬಟ್ಟೆ ಚೀಲ ಒಯ್ಯಿರಿ. ಊರು ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಸ್ವೆಟರ್ ಬೇಕೇ ಬೇಕು.

ಕೊನೆಯದಾಗಿ, ಹಳದಿ ಜ್ವರದ ಲಸಿಕೆ. ಸರ್ಕಾರಿ ಮಾನ್ಯತೆ ಇರುವ ಕೇಂದ್ರದಲ್ಲಿ ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿಕೊಂಡು ಕಾರ್ಡನ್ನು ಪಾಸ್‌ಪೋರ್ಟಿನೊಂದಿಗೆ ಇಡಿ. ಅದಿಲ್ಲದೆ ಕೀನ್ಯಾದಿಂದ ಮರಳಿದರೆ ಭಾರತದಲ್ಲಿ ಆರು ದಿನಗಳವರೆಗೆ ಪ್ರತ್ಯೇಕವಾಸದಲ್ಲಿ ಇರಿಸಬಹುದು. ಇಬ್ಬರೂ ಈ ವಾರವೇ ಲಸಿಕೆಗೆ ಹೆಸರು ಬರೆಸಿ.